ಕರಗುವ ಸ್ಟೆಂಟ್, ಔಷಧಿ ಬಲೂನ್, ರಕ್ತ ತೆಳುವಾಗಿಸುವ ಗುಳಿಗೆ: ಶಿರಸಿಯ ಓದುಗರೊಬ್ಬರಿಗೆ ಹೃದ್ರೋಗ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ಮನೆ. ತಂದೆಗೆ 67 ವರ್ಷ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳಿನಿಂದ ತೋಟದಿಂದ ಮನೆಗೆ ಏರು ಹತ್ತುವಾಗ ಎದೆ ಬಿಗಿಯುತ್ತದೆ, ಎರಡು ನಿಮಿಷ ನಿಂತರೆ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಆಂಜಿಯೋಗ್ರಾಂ ಮಾಡಿಸಿದೆವು. ಹೃದಯದ ಮುಂಭಾಗದ ಮುಖ್ಯ ರಕ್ತನಾಳದ ನಡುಭಾಗದಲ್ಲಿ ಶೇ. 80, ಬಲಗಡೆಯ ನಾಳದಲ್ಲಿ ಶೇ. 60 ಬ್ಲಾಕ್ ಎಂದು ವರದಿ ಬಂದಿದೆ. ಹೃದಯದ ಪಂಪಿಂಗ್ ಸರಿಯಾಗಿದೆ. ಒಬ್ಬ ವೈದ್ಯರು ಸ್ಟೆಂಟ್ ಹಾಕಿಸಿ ಎಂದರು, ಇನ್ನೊಬ್ಬರು ಗುಳಿಗೆಯಲ್ಲೇ ನೋಡಬಹುದು ಎಂದರು. ಬೆಂಗಳೂರಿನಲ್ಲಿರುವ ಭಾವ, ಲೋಹದ್ದು ಬೇಡ, ಕರಗಿ ಹೋಗುವ ಹೊಸ ಸ್ಟೆಂಟ್ ಬಂದಿದೆ, ಅದೂ ವಿದೇಶದ್ದೇ ಆಗಲಿ ಎನ್ನುತ್ತಾರೆ. ಸ್ಟೆಂಟ್‌ಗೆ ಹತ್ತೇ ವರ್ಷ ಆಯುಷ್ಯ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಎಂಟು ತಿಂಗಳ ಹಿಂದೆ ತಂದೆಗೆ ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವವಾಗಿ ರಕ್ತ ಕೊಡಿಸಬೇಕಾಯಿತು. ಈಗ ಹಿಮೋಗ್ಲೋಬಿನ್ 10.4 ಇದೆ. ಹರ್ನಿಯಾ ಆಪರೇಷನ್ ಕೂಡ ಬಾಕಿ ಇದೆ. ಯಾವ ಸ್ಟೆಂಟ್ ಒಳ್ಳೆಯದು? ರಕ್ತ ತೆಳುವಾಗಿಸುವ ಗುಳಿಗೆ ಎಷ್ಟು ಕಾಲ ಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲರೂ ಚರ್ಚಿಸುತ್ತಿರುವುದು ಸ್ಟೆಂಟಿನ, ಎಂದರೆ ಇಕ್ಕಟ್ಟಾದ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಪುಟ್ಟ ಜಾಲರಿ ಕೊಳವೆಯ, ಜಾತಿಯನ್ನು. ನನ್ನ ಗಮನ ಮಾತ್ರ ಮೊದಲು ಹೋದದ್ದು ನೀವು ಕೊನೆಗೆ ಬರೆದ ಎರಡು ಸಂಗತಿಗಳ ಕಡೆಗೆ, ಎಂದರೆ ಹೊಟ್ಟೆಯ ಹುಣ್ಣಿನ ರಕ್ತಸ್ರಾವ ಮತ್ತು 10.4ರ ಹಿಮೋಗ್ಲೋಬಿನ್ ಕಡೆಗೆ. ನಿಮ್ಮ ತಂದೆಯವರ ಮಟ್ಟಿಗೆ ಯಾವ ಸ್ಟೆಂಟ್, ಯಾವಾಗ, ಎಷ್ಟು ದಿನದ ಗುಳಿಗೆ ಎಂಬ ಎಲ್ಲ ಪ್ರಶ್ನೆಗಳನ್ನೂ ತೀರ್ಮಾನಿಸುವುದು ಆ ಎರಡು ಸಂಗತಿಗಳೇ. ಆಂಜಿಯೋಗ್ರಾಂ ಚಿತ್ರವನ್ನು ಕಣ್ಣಾರೆ ನೋಡಿದ ವೈದ್ಯರ ತೀರ್ಮಾನವೇ ಅಂತಿಮ. ಅವರೊಡನೆ ಕುಳಿತು ಮಾತಾಡಲು ನಿಮಗೆ ಬೇಕಾದ ತಿಳಿವಳಿಕೆಯನ್ನು ಇಲ್ಲಿ ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಸಮಾಧಾನದ ಮಾತು. ಏರು ಹತ್ತುವಾಗ ಬಂದು, ನಿಂತರೆ ಹೋಗುವ, ಮೂರು ತಿಂಗಳಿನಿಂದ ಒಂದೇ ತೆರನಾಗಿರುವ ಎದೆಬಿಗಿತವನ್ನು ನಾವು ಸ್ಥಿರ ಎದೆನೋವು ಎಂದು ಕರೆಯುತ್ತೇವೆ. ಪಂಪಿಂಗ್ ಚೆನ್ನಾಗಿರುವಾಗ ಇದು ಈ ವಾರವೇ ಏನಾದರೂ ಮಾಡಬೇಕಾದ ತುರ್ತು ಸ್ಥಿತಿಯಲ್ಲ. ನಿಮಗೆ ಯೋಚಿಸಲು ಸಮಯವಿದೆ. ಶೇ. 80 ಬ್ಲಾಕ್ ಎಂದರೆ ಯಾವ ಕ್ಷಣದಲ್ಲಾದರೂ ಹೃದಯಾಘಾತ ಎಂಬ ಭಯ ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ, ಆದರೆ ಅದು ಪೂರ್ತಿ ನಿಜವಲ್ಲ. ಹೃದಯಾಘಾತ ಸಾಮಾನ್ಯವಾಗಿ ಆಗುವುದು ನಾಳದ ಗೋಡೆಯಲ್ಲಿ ಕೂತ ಕೊಬ್ಬಿನ ಗಡ್ಡೆಯ ಹೊರಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಹಾಗೆ ಒಡೆಯುವ ಗಡ್ಡೆ ಎಷ್ಟೋ ಸಲ ಶೇ. 40 ಅಥವಾ 50ರಷ್ಟು ಮಾತ್ರ ಅಡ್ಡ ನಿಂತಿರುತ್ತದೆ. ಶೇ. 80 ಇಕ್ಕಟ್ಟಾದ ಜಾಗ ಶ್ರಮದ ಹೊತ್ತಿನಲ್ಲಿ ರಕ್ತ ಸಾಲದಂತೆ ಮಾಡಿ ನೋವು ಕೊಡುತ್ತದೆ. ಅಲ್ಲಿಗೆ ಸ್ಟೆಂಟ್ ಹಾಕಿದರೆ ನೋವು ಹೋಗುತ್ತದೆ. ಉಳಿದ ನಾಳಗಳಲ್ಲಿರುವ ಗಡ್ಡೆಗಳು ಒಡೆಯದಂತೆ ನೋಡಿಕೊಳ್ಳುವುದು ಕೊಲೆಸ್ಟರಾಲಿನ ಗುಳಿಗೆ, ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿ, ತಂಬಾಕು ಬಿಡುವುದು.

ಆದ್ದರಿಂದ ನಿಮಗೆ ಬೇರೆ ಬೇರೆ ಸಲಹೆ ಕೊಟ್ಟ ಇಬ್ಬರು ವೈದ್ಯರಲ್ಲಿ ಯಾರೂ ತಪ್ಪು ಹೇಳಿಲ್ಲ. 2007ರ ಕರೇಜ್ ಅಧ್ಯಯನ ಮತ್ತು 2020ರಲ್ಲಿ ಪ್ರಕಟವಾದ, 5,179 ರೋಗಿಗಳನ್ನು ಒಳಗೊಂಡ ಇಸ್ಕೀಮಿಯಾ ಅಧ್ಯಯನ ಇದೇ ಪ್ರಶ್ನೆಯನ್ನು ಕೇಳಿದವು. ಸ್ಥಿರ ಎದೆನೋವಿನವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಮೊದಲು ಸರಿಯಾದ ಗುಳಿಗೆ ಕೊಟ್ಟು ಬೇಕಾದರೆ ಮಾತ್ರ ಮುಂದುವರಿದರೂ ಸಾವು ಮತ್ತು ಹೃದಯಾಘಾತದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎದೆನೋವಿನ ಪರಿಹಾರ ಮಾತ್ರ ಮೊದಲನೆಯ ಗುಂಪಿನಲ್ಲಿ ಹೆಚ್ಚಾಗಿತ್ತು. 2023ರ ಆರ್ಬಿಟಾ-2 ಅಧ್ಯಯನದಲ್ಲಿ ಕೆಲವರಿಗೆ ಸ್ಟೆಂಟ್ ಹಾಕಿ, ಇನ್ನು ಕೆಲವರಿಗೆ ಹಾಕಿದಂತೆ ತೋರಿಸಿ ಹೋಲಿಸಿದಾಗಲೂ ಸ್ಟೆಂಟ್ ಹಾಕಿಸಿಕೊಂಡವರಿಗೆ ನೋವು ನಿಜವಾಗಿ ಕಡಿಮೆಯಾಗಿತ್ತು. ಇದೆಲ್ಲ ಎಡಗಡೆಯ ಮೂಲನಾಳದಲ್ಲಿ ತೀವ್ರ ಬ್ಲಾಕ್ ಇರುವವರಿಗೆ ಅನ್ವಯಿಸುವುದಿಲ್ಲ, ಹೃದಯಾಘಾತ ಆಗುತ್ತಿರುವವರಿಗಂತೂ ಖಂಡಿತ ಅನ್ವಯಿಸುವುದಿಲ್ಲ. ಹೃದಯಾಘಾತದಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಅಲ್ಲಿ ಚರ್ಚೆಗೆ ಅವಕಾಶವಿಲ್ಲ.

ನಿಮ್ಮ ತಂದೆಯವರಿಗೆ ಎದೆನೋವಿನ ಗುಳಿಗೆಗಳನ್ನು ಪೂರ್ಣ ಪ್ರಮಾಣದಲ್ಲಿ ಕೆಲವು ವಾರ ಕೊಟ್ಟು ನೋಡಿದ್ದಾರೆಯೇ ಎಂಬುದು ನಿಮ್ಮ ಪತ್ರದಲ್ಲಿಲ್ಲ. ಕೊಟ್ಟಿರದಿದ್ದರೆ ಮೊದಲ ಹೆಜ್ಜೆ ಅದೇ ಆಗಲಿ. ಆ ಆರೆಂಟು ವಾರಗಳು ವ್ಯರ್ಥವಾಗುವುದಿಲ್ಲ, ಏಕೆಂದರೆ ಅದೇ ಅವಧಿಯಲ್ಲಿ ಮಾಡಿ ಮುಗಿಸಬೇಕಾದ ಬೇರೊಂದು ಕೆಲಸವಿದೆ.

ಆ ಕೆಲಸ ಹೊಟ್ಟೆಗೆ ಸಂಬಂಧಿಸಿದ್ದು. ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂತಹ ಎರಡನೆಯ ಗುಳಿಗೆಯನ್ನೂ ಕೊಡಲೇಬೇಕು. ನಾಳದ ಒಳಪದರ ಬೆಳೆದು ಲೋಹದ ಎಳೆಗಳನ್ನು ಮುಚ್ಚುವ ತನಕ ರಕ್ತ ಅದನ್ನು ಪರಕೀಯ ವಸ್ತುವೆಂದು ಗುರುತಿಸಿ ಅಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ಈ ಎರಡು ಗುಳಿಗೆಗಳು ಅದನ್ನು ತಡೆಯುತ್ತವೆ, ಆದರೆ ಹುಣ್ಣಿದ್ದ ಹೊಟ್ಟೆಯಲ್ಲಿ ಅವೇ ರಕ್ತಸ್ರಾವವನ್ನು ಮತ್ತೆ ಶುರು ಮಾಡಬಲ್ಲವು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರುವುದೊಂದೇ ಸಾಕು, ನಾವು ರೋಗಿಯನ್ನು ಹೆಚ್ಚಿನ ರಕ್ತಸ್ರಾವದ ಅಪಾಯದ ಗುಂಪಿಗೆ ಸೇರಿಸುತ್ತೇವೆ. ಹೀಗಾಗಿ ಸ್ಟೆಂಟ್‌ಗೆ ಮೊದಲು ಎಂಡೋಸ್ಕೋಪಿ ಮಾಡಿಸಿ ಹುಣ್ಣು ಮಾಗಿದೆಯೇ ಎಂದು ನೋಡಬೇಕು. ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ, ಇದ್ದರೆ ಎರಡು ವಾರದ ಔಷಧಿಯಿಂದ ಅದನ್ನು ಹೋಗಲಾಡಿಸಬೇಕು. ರಕ್ತಹೀನತೆಗೆ ಬೇರೆ ಕಾರಣವಿದೆಯೇ ಎಂಬುದನ್ನೂ ವೈದ್ಯರು ಹುಡುಕಲಿ. ಸಂಧಿನೋವು, ಬೆನ್ನುನೋವು ಎಂದು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಡೈಕ್ಲೊಫೆನಾಕ್ ಜಾತಿಯ ಗುಳಿಗೆಗಳು ಹುಣ್ಣಿನ ದೊಡ್ಡ ಕಾರಣ. ತೋಟದ ಕೆಲಸ ಮಾಡುವವರಲ್ಲಿ ಈ ಅಭ್ಯಾಸವನ್ನು ನಾನು ಬಹಳ ಕಂಡಿದ್ದೇನೆ. ನಿಮ್ಮ ತಂದೆಯವರಿಗೆ ಅದಿದ್ದರೆ ಇಂದೇ ನಿಲ್ಲಿಸಿ.

ಹೊಸ ತಂತ್ರಜ್ಞಾನ ನಿಜವಾಗಿ ಉಪಕಾರಕ್ಕೆ ಬರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸಲು ಸ್ವಲ್ಪ ಹಿಂದಿನಿಂದ ಬರಬೇಕು. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಎಂಬ ವೈದ್ಯರು ಮೊದಲ ಬಾರಿಗೆ ಬಲೂನಿನಿಂದ ಹೃದಯದ ನಾಳವನ್ನು ಅಗಲಿಸಿದರು. ಅಗಲಿಸಿದ ನಾಳ ಮರಳಿ ಕುಗ್ಗುತ್ತಿತ್ತು, ಕೆಲವೊಮ್ಮೆ ಅಲ್ಲೇ ಮುಚ್ಚಿಹೋಗುತ್ತಿತ್ತು. 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್‌ಲ್ಯಾಂಡಿನ ವೈದ್ಯರು ಲೋಹದ ಜಾಲರಿಯ ಕೊಳವೆಯನ್ನು ಒಳಗೇ ಬಿಟ್ಟು ಬರಲು ಆರಂಭಿಸಿದ್ದು ಈ ಕಾರಣಕ್ಕೆ. ಕುಗ್ಗುವುದು ನಿಂತಿತು, ಆದರೆ ಗಾಯ ಮಾಯುವ ಪ್ರಕ್ರಿಯೆಯೇ ಅತಿಯಾಗಿ ಜಾಲರಿಯೊಳಗೆ ಅಂಗಾಂಶ ಬೆಳೆದು ನಾಲ್ಕೈದು ಜನರಲ್ಲಿ ಒಬ್ಬರಿಗೆ ಮತ್ತೆ ಬ್ಲಾಕ್ ಆಗುತ್ತಿತ್ತು. ಅದಕ್ಕೆ ಉತ್ತರವಾಗಿ ಬಂದದ್ದು, ಹಾಗೆ ಅಂಗಾಂಶ ಬೆಳೆಯುವುದನ್ನು ತಡೆಯುವ ಔಷಧಿ ಲೇಪಿತ ಸ್ಟೆಂಟ್. ಅದರಲ್ಲಿ ಬಳಸಿದ ಸಿರೊಲಿಮಸ್ ಎಂಬ ಔಷಧಿಯ ಮೂಲ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ. ಅದನ್ನು ಬೇರ್ಪಡಿಸಿ ಬೆಳೆಸುವುದರಲ್ಲಿ ಭಾರತ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಅವರ ಪಾತ್ರ ದೊಡ್ಡದು.

2002–03ರಲ್ಲಿ ಬಳಕೆಗೆ ಬಂದ ಮೊದಲ ತಲೆಮಾರಿನ ಔಷಧಿ ಸ್ಟೆಂಟ್‌ಗಳು ಮರುಬ್ಲಾಕನ್ನು ಶೇ. 10ಕ್ಕಿಂತ ಕೆಳಗಿಳಿಸಿದವು. ಆದರೆ ಅವುಗಳ ಲೋಹದ ಎಳೆ ಸುಮಾರು 140 ಮೈಕ್ರಾನ್ ದಪ್ಪವಿತ್ತು, ಎಂದರೆ ಎರಡು ತಲೆಗೂದಲು ಜೋಡಿಸಿಟ್ಟಷ್ಟು. ಔಷಧಿಯನ್ನು ಹಿಡಿದಿಟ್ಟ ಪಾಲಿಮರ್ ಎಂಬ ಪ್ಲಾಸ್ಟಿಕ್ ಜಾತಿಯ ಲೇಪ ಶಾಶ್ವತವಾಗಿ ಅಲ್ಲೇ ಉಳಿದು ಕೆಲವರಲ್ಲಿ ಉರಿಯೂತಕ್ಕೆ ಕಾರಣವಾಗುತ್ತಿತ್ತು. ಒಳಪದರ ತಡವಾಗಿ ಬೆಳೆಯುತ್ತಿತ್ತು. ವರ್ಷ ಕಳೆದ ಮೇಲೂ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು 2006ರ ಹೊತ್ತಿಗೆ ಜಗತ್ತಿನಾದ್ಯಂತ ಹೃದ್ರೋಗ ತಜ್ಞರನ್ನು ಕಳವಳಕ್ಕೀಡುಮಾಡಿದವು. ಎರಡು ಗುಳಿಗೆಗಳನ್ನು ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳಲೇಬೇಕು ಎಂಬ ಕಟ್ಟುನಿಟ್ಟು ಹುಟ್ಟಿದ್ದು ಆ ಕಾಲದಲ್ಲಿ. ನಿಮ್ಮ ಊರಿನಲ್ಲಿ ಹದಿನೈದು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು ಹೇಳುವ ಅನುಭವ ಆ ಕಾಲದ್ದು ಎಂಬುದನ್ನು ಮರೆಯಬೇಡಿ.

ಆಮೇಲೆ ಬಂದ ಬದಲಾವಣೆ ಸದ್ದಿಲ್ಲದೆ ಬಂತು, ಆದರೆ ದೊಡ್ಡದು. ಉಕ್ಕಿನ ಬದಲು ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹ ಬಳಸಿದ್ದರಿಂದ ಎಳೆ 80 ಮೈಕ್ರಾನ್ ಆಸುಪಾಸಿಗೆ ಇಳಿಯಿತು, ಇತ್ತೀಚಿನ ಕೆಲವು ಸ್ಟೆಂಟ್‌ಗಳಲ್ಲಿ 60ಕ್ಕೆ ಬಂದಿದೆ. ಎಳೆ ತೆಳುವಾದಷ್ಟೂ ರಕ್ತದ ಹರಿವು ಅದರ ಅಕ್ಕಪಕ್ಕ ಸುಳಿಯಾಗುವುದು ಕಡಿಮೆ, ಒಳಪದರ ಅದನ್ನು ಬೇಗ ಮುಚ್ಚುತ್ತದೆ, ಹೆಪ್ಪುಗಟ್ಟುವ ಸಂಭವ ಇಳಿಯುತ್ತದೆ. ಪಾಲಿಮರ್ ಕೂಡ ದೇಹಕ್ಕೆ ಹೊಂದುವಂತಹದು ಬಂತು. ಕೆಲವು ತಿಂಗಳಲ್ಲಿ ಕರಗುವಂತಹದು, ಪಾಲಿಮರೇ ಇಲ್ಲದಂತಹದು ಕೂಡ ಬಂದಿವೆ. ಇಂದಿನ ಸ್ಟೆಂಟ್‌ಗಳಲ್ಲಿ ಮೊದಲ ವರ್ಷ ಹೆಪ್ಪುಗಟ್ಟುವ ಪ್ರಮಾಣ ನೂರಕ್ಕೆ ಸುಮಾರು ಒಂದು. ಈ ಸುರಕ್ಷತೆಯಿಂದಾಗಿಯೇ ಗುಳಿಗೆಯ ಅವಧಿಯನ್ನು ಕಡಿಮೆ ಮಾಡಿ ನೋಡುವ ಧೈರ್ಯ ಬಂತು. 2015ರ ಲೀಡರ್ಸ್ ಫ್ರೀ ಅಧ್ಯಯನ ರಕ್ತಸ್ರಾವದ ಅಪಾಯ ಹೆಚ್ಚಿರುವವರಲ್ಲಿ ಪಾಲಿಮರ್ ಇಲ್ಲದ ಔಷಧಿ ಸ್ಟೆಂಟ್ ಬಳಸಿ, ಎರಡು ಗುಳಿಗೆಗಳನ್ನು ಒಂದೇ ತಿಂಗಳು ಕೊಟ್ಟಿತು. ಅದೇ ಒಂದು ತಿಂಗಳ ಗುಳಿಗೆಯೊಂದಿಗೆ ಹಾಕಿದ ಬರಿ ಲೋಹದ ಸ್ಟೆಂಟಿಗಿಂತ ಅದು ಹೆಚ್ಚು ಸುರಕ್ಷಿತವೆಂದು ಕಂಡಿತು. 2021ರ ಮಾಸ್ಟರ್ ಡ್ಯಾಪ್ಟ್ ಅಧ್ಯಯನದಲ್ಲಿ ಇದೇ ಬಗೆಯ ರೋಗಿಗಳಿಗೆ ಒಂದು ತಿಂಗಳ ನಂತರ ಒಂದೇ ಗುಳಿಗೆಗೆ ಇಳಿಸಿದಾಗ ಹೃದಯದ ತೊಂದರೆ ಹೆಚ್ಚಾಗಲಿಲ್ಲ, ರಕ್ತಸ್ರಾವ ಮಾತ್ರ ಶೇ. 9.4ರಿಂದ 6.5ಕ್ಕೆ ಇಳಿಯಿತು.

ಹೀಗಾಗಿ ಎಷ್ಟು ಕಾಲ ಗುಳಿಗೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹೀಗಿದೆ. ಸ್ಥಿರ ಎದೆನೋವಿಗೆ ಸ್ಟೆಂಟ್ ಹಾಕಿದರೆ ಎರಡೂ ಗುಳಿಗೆ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತದ ನಂತರವಾದರೆ ಹನ್ನೆರಡು ತಿಂಗಳು. ನಿಮ್ಮ ತಂದೆಯವರಂತೆ ರಕ್ತಸ್ರಾವದ ಅಪಾಯವಿದ್ದರೆ, ಸ್ಟೆಂಟ್ ಚೆನ್ನಾಗಿ ಕೂತಿದ್ದರೆ, ಒಂದರಿಂದ ಮೂರು ತಿಂಗಳಿಗೆ ನಿಲ್ಲಿಸಿ ಆಮೇಲೆ ಒಂದೇ ಗುಳಿಗೆ ಮುಂದುವರಿಸಬಹುದು. ಜೊತೆಗೆ ಹೊಟ್ಟೆಯ ರಕ್ಷಣೆಗೆ ಪ್ಯಾಂಟೊಪ್ರಜೋಲ್ ಬೇಕು. ಅದೇ ಜಾತಿಯ ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಕ್ಲೊಪಿಡೊಗ್ರೆಲ್‌ನ ಪರಿಣಾಮವನ್ನು ತಗ್ಗಿಸುವುದರಿಂದ ಅವನ್ನು ತಪ್ಪಿಸುತ್ತೇವೆ. ಇದರ ಮಧ್ಯೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅವಧಿ ಕಡಿಮೆ ಮಾಡುವುದು ಬೇರೆ, ಹಲ್ಲು ಕೀಳುವವರ ಮಾತು ಕೇಳಿಯೋ, ಮೈಮೇಲೆ ನೀಲಿ ಕಲೆ ಕಂಡಿತೆಂದೋ ಗುಳಿಗೆಯನ್ನು ತಾವಾಗಿಯೇ ಬಿಟ್ಟುಬಿಡುವುದು ಬೇರೆ. ಮೊದಲ ತಿಂಗಳಲ್ಲಿ ಎರಡನ್ನೂ ಬಿಟ್ಟರೆ ಸ್ಟೆಂಟ್ ಥಟ್ಟನೆ ಮುಚ್ಚಿಕೊಂಡು ಪ್ರಾಣಕ್ಕೇ ಅಪಾಯವಾಗುತ್ತದೆ. ನಮ್ಮ ಜಿಲ್ಲೆಗೆ ಇನ್ನೂ ಒಂದು ಮುನ್ನೆಚ್ಚರಿಕೆ ಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದು ನಿಮಗೆ ನೆನಪಿರಬಹುದು. ದೇವಿಮನೆ ಘಟ್ಟವಾಗಲಿ ಅರಬೈಲ್ ಘಟ್ಟವಾಗಲಿ ಮಳೆಗಾಲದಲ್ಲಿ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು. ಮಳೆಗಾಲಕ್ಕೆ ಮುಂಚೆ ಒಂದು ತಿಂಗಳ ಗುಳಿಗೆ ಹೆಚ್ಚಿಗೆ ತಂದಿಡಿ.

ಈಗ ಕರಗುವ ಸ್ಟೆಂಟ್. ನಿಮ್ಮ ಭಾವನವರ ಯೋಚನೆಯ ಹಿಂದೆ ತಕ್ಕ ಕಾರಣವಿದೆ. ಲೋಹದ ಸ್ಟೆಂಟ್ ಎಷ್ಟೇ ಒಳ್ಳೆಯದಿದ್ದರೂ ಮೊದಲ ವರ್ಷದ ನಂತರವೂ ಪ್ರತಿವರ್ಷ ನೂರರಲ್ಲಿ ಸುಮಾರು ಇಬ್ಬರಿಗೆ ಅದೇ ಜಾಗದಲ್ಲಿ ಏನಾದರೊಂದು ತೊಂದರೆ ಬರುತ್ತಲೇ ಇರುತ್ತದೆ. ಲೋಹದ ಪಂಜರದಲ್ಲಿ ಸಿಕ್ಕ ನಾಳ ಹೃದಯದ ಬಡಿತಕ್ಕೆ ತಕ್ಕಂತೆ ಹಿಗ್ಗಲಾರದು, ಕುಗ್ಗಲಾರದು. ನಾಳಕ್ಕೆ ಆಧಾರ ಬೇಕಾಗಿರುವುದು ಮೊದಲ ಕೆಲವು ತಿಂಗಳು ಮಾತ್ರ, ಆಮೇಲೆ ಅದು ಕರಗಿ ಹೋದರೆ ಒಳ್ಳೆಯದಲ್ಲವೇ ಎಂಬ ತರ್ಕ ಸರಿಯೇ. ಆದರೆ ಆ ತರ್ಕದ ಮೇಲೆ ಬಂದ ಅತ್ಯಂತ ಹೆಸರುವಾಸಿಯಾದ ಅಬ್ಸಾರ್ಬ್ ಎಂಬ ಸ್ಟೆಂಟಿನ ಕಥೆಯನ್ನೂ ತಿಳಿದಿರಬೇಕು. ಜೋಳದಂತಹ ಬೆಳೆಗಳಿಂದ ಪಡೆಯಬಹುದಾದ ಲ್ಯಾಕ್ಟಿಕ್ ಆಮ್ಲದ ಪಾಲಿಮರಿನಿಂದ ಅದನ್ನು ಮಾಡಿದ್ದರು. ಸುಮಾರು ಮೂರು ವರ್ಷಗಳಲ್ಲಿ ಕರಗುತ್ತಿತ್ತು. ಲೋಹದಷ್ಟು ಗಟ್ಟಿಯಲ್ಲದ ವಸ್ತುವಾದ್ದರಿಂದ ಎಳೆಯನ್ನು 150 ಮೈಕ್ರಾನಿಗಿಂತ ದಪ್ಪ ಮಾಡಬೇಕಾಯಿತು, ಎಂದರೆ ಮೊದಲ ತಲೆಮಾರಿನ ಸ್ಟೆಂಟಿನ ಸಮಸ್ಯೆಯೇ ಮರಳಿ ಬಂತು. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಮೂರು ವರ್ಷಗಳ ಹೋಲಿಕೆಯಲ್ಲಿ ಹೆಪ್ಪುಗಟ್ಟುವ ಪ್ರಮಾಣ ಲೋಹದ ಸ್ಟೆಂಟಿನಲ್ಲಿ ಶೇ. 0.7 ಇದ್ದರೆ ಇದರಲ್ಲಿ ಶೇ. 2.3 ಇತ್ತು. 2017ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು.

ಅಲ್ಲಿಗೆ ಸಂಶೋಧನೆ ನಿಲ್ಲಲಿಲ್ಲ. ಒಂದು ವರ್ಷದಲ್ಲಿ ಕರಗುವ ಮೆಗ್ನೀಸಿಯಂ ಲೋಹದ ಸ್ಟೆಂಟ್‌ಗಳು ಯುರೋಪಿನಲ್ಲಿ ಬಳಕೆಗೆ ಬಂದಿವೆ. ಗುಜರಾತಿನ ಕಂಪನಿಯೊಂದು 100 ಮೈಕ್ರಾನ್ ದಪ್ಪದ ಕರಗುವ ಸ್ಟೆಂಟನ್ನು ತಯಾರಿಸಿದೆ. ಕಡಿಮೆ ವಯಸ್ಸಿನ, ಗೋಡೆಯಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಗಟ್ಟಿಯಾಗದ ನೇರವಾದ ನಾಳವಿರುವ, ಗುಳಿಗೆ ತಪ್ಪಿಸದ ರೋಗಿಯಲ್ಲಿ ಇವುಗಳಿಗೆ ಜಾಗವಿರಬಹುದು. ನಿಮ್ಮ ತಂದೆಯವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಕರಗುವ ಸ್ಟೆಂಟಿನ ಎಳೆಗಳು ದಪ್ಪವಾಗಿದ್ದು, ಕರಗುವ ಹೊತ್ತಿನಲ್ಲಿ ಒಡೆದು ನಾಳದೊಳಕ್ಕೆ ಚಾಚಿಕೊಳ್ಳುವ ಸಂಭವವೂ ಇರುವುದರಿಂದ ಎರಡು ಗುಳಿಗೆಗಳನ್ನು ಕನಿಷ್ಠ ಒಂದು ವರ್ಷ ಕೊಡುವುದು ವಾಡಿಕೆ. ಲೋಹ ಬೇಡವೆಂದು ಕರಗುವುದನ್ನು ಆರಿಸಿಕೊಂಡರೆ, ಅವರ ಹೊಟ್ಟೆಗೆ ಯಾವುದು ಅಪಾಯವೋ ಅದನ್ನೇ ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗುತ್ತದೆ. ಲೋಹದ್ದೇ ಆಗಿದ್ದು, ಆರು ತಿಂಗಳ ನಂತರ ಜೋಡಣೆ ಬಿಚ್ಚಿಕೊಂಡು ನಾಳಕ್ಕೆ ಮಿಡಿಯಲು ಅವಕಾಶ ಕೊಡುವ ಹೊಸ ಬಗೆಯ ಸಾಧನವೊಂದನ್ನು 2024ರಲ್ಲಿ ಸ್ವೀಡನ್ ದೇಶದ ದೊಡ್ಡ ಅಧ್ಯಯನ ಪರೀಕ್ಷಿಸಿತು. ಮೊದಲ ವರ್ಷ ಅದು ಇಂದಿನ ಸ್ಟೆಂಟಿಗೆ ಸರಿಸಮನಾಗಿತ್ತು, ಆರು ತಿಂಗಳ ನಂತರದ ತೊಂದರೆಗಳು ಕಡಿಮೆ ಇದ್ದವು. ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯ ಮೇಲೆ, ಆದರೆ ಅದು ನಮ್ಮ ಕಡೆಯ ದಿನನಿತ್ಯದ ಚಿಕಿತ್ಸೆಯಾಗುವ ತನಕ ನಿಮ್ಮ ತಂದೆಯವರು ಕಾಯಬೇಕಾಗಿಲ್ಲ.

ಔಷಧಿ ಬಲೂನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಲೋಹ ಬೇಡ ಎಂದಾಗ ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ. ಬಲೂನಿನ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಸಿರೊಲಿಮಸ್ ಲೇಪಿಸಿ, ನಾಳದಲ್ಲಿ ಅರ್ಧದಿಂದ ಒಂದು ನಿಮಿಷ ಊದಿಸಿ ಹಿಡಿದು, ಔಷಧಿಯನ್ನು ಗೋಡೆಗೆ ಅಂಟಿಸಿ ಬಲೂನನ್ನು ಹೊರತೆಗೆಯುತ್ತಾರೆ. ಒಳಗೆ ಏನೂ ಉಳಿಯುವುದಿಲ್ಲ. ಹಳೆಯ ಸ್ಟೆಂಟ್ ಒಳಗೆ ಮತ್ತೆ ಬ್ಲಾಕ್ ಆದಾಗ ಇದು ಬಹಳ ಒಳ್ಳೆಯ ಚಿಕಿತ್ಸೆ, ಮೂರು ಮಿಲಿಮೀಟರ್‌ಗಿಂತ ಸಣ್ಣ ನಾಳಗಳಲ್ಲಿ ಸ್ಟೆಂಟಿಗೆ ಸಮನಾದದ್ದು ಎಂಬುದಕ್ಕೂ 2018ರಿಂದ ಆಧಾರವಿದೆ. ದೊಡ್ಡ ನಾಳದ ಹೊಸ ಬ್ಲಾಕಿಗೂ ಅದನ್ನೇ ಬಳಸಬಹುದೇ ಎಂದು ಚೀನಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದಾಗ, ಎರಡು ವರ್ಷಗಳಲ್ಲಿ ತೊಂದರೆಯ ಪ್ರಮಾಣ ಬಲೂನಿನವರಲ್ಲಿ ಶೇ. 6.4, ಸ್ಟೆಂಟಿನವರಲ್ಲಿ ಶೇ. 3.4 ಇತ್ತು. ಮುಂಭಾಗದ ಮುಖ್ಯ ನಾಳದ ನಡುಭಾಗದ ಬ್ಲಾಕಿಗೆ, ನಾಳ ಸಣ್ಣದಿಲ್ಲದಿದ್ದರೆ, ತೆಳು ಎಳೆಯ ಲೋಹದ ಸ್ಟೆಂಟೇ ಮೊದಲ ಆಯ್ಕೆ ಎಂದು ನಾನು ಹೇಳುತ್ತೇನೆ.

ವಿದೇಶದ್ದೇ ಬೇಕೆ ಎಂಬುದಕ್ಕೆ ಹೆಚ್ಚು ಮಾತು ಬೇಡ. ಸೂರತ್‌ನಲ್ಲಿ ತಯಾರಾಗುವ, 60 ಮೈಕ್ರಾನ್ ಎಳೆಯ ಸುಪ್ರಾಫ್ಲೆಕ್ಸ್ ಎಂಬ ಸ್ಟೆಂಟನ್ನು ಯುರೋಪಿನ ಆಸ್ಪತ್ರೆಗಳಲ್ಲೇ ಪ್ರಸಿದ್ಧ ವಿದೇಶೀ ಸ್ಟೆಂಟಿನ ಜೊತೆ ಹೋಲಿಸಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದು ಕಡಿಮೆಯದಲ್ಲ ಎಂದು ಸಿದ್ಧವಾಯಿತು. ಇಂತಹ ಹೋಲಿಕೆಗೆ ಒಡ್ಡಿಕೊಂಡ ಸ್ಟೆಂಟೇ ಎಂದು ಕೇಳಿ, ದೇಶ ಯಾವುದು ಎಂದು ಕೇಳಬೇಕಾಗಿಲ್ಲ. ಬೆಲೆಯ ವಿಷಯದಲ್ಲಿ 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧಿ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮುಂಚೆ ಒಂದೂವರೆ ಲಕ್ಷ ದಾಟಿದ ಸ್ಟೆಂಟ್‌ಗಳೂ ಇದ್ದವು. ಈ ಮಿತಿ ಆಗಾಗ ಪರಿಷ್ಕರಣೆಯಾಗುತ್ತದೆ, ಆದರೆ ದೇಶೀ ವಿದೇಶೀ ಎಂಬ ಭೇದವಿಲ್ಲ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಬೆಲೆಯನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಆ ಬಿಲ್ಲನ್ನೂ ಸ್ಟೆಂಟ್ ಕಾರ್ಡನ್ನೂ ಜೋಪಾನವಾಗಿಡಿ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವೆಚ್ಚ ಭರಿಸುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ.

ಭಾವನವರು ವಿದೇಶೀ ಸ್ಟೆಂಟಿಗೆ ಹೆಚ್ಚು ಖರ್ಚು ಮಾಡಲು ತಯಾರಿದ್ದರೆ ಆ ಹಣವನ್ನು ಬೇರೆಡೆ ಹಾಕಿ ಎನ್ನುತ್ತೇನೆ. ಸ್ಟೆಂಟ್ ಹಾಕುವಾಗ ನಾಳದ ಒಳಗಿನಿಂದ ನೋಡುವ ಐವಸ್ ಅಥವಾ ಒಸಿಟಿ ಮಾಡುತ್ತೀರಾ ಎಂದು ವೈದ್ಯರನ್ನು ಕೇಳಿ. ಆಂಜಿಯೋಗ್ರಾಂ ನಾಳದ ನೆರಳನ್ನು ಮಾತ್ರ ತೋರಿಸುತ್ತದೆ. ನಾಳ ಎಷ್ಟು ಅಗಲ, ಸುಣ್ಣ ಎಷ್ಟು ಗಟ್ಟಿಯಾಗಿದೆ, ಸ್ಟೆಂಟ್ ಗೋಡೆಗೆ ಪೂರ್ತಿ ಅಂಟಿದೆಯೇ ಎಂಬುದು ಒಳಗಿನಿಂದ ನೋಡಿದಾಗಲೇ ಖಚಿತವಾಗುತ್ತದೆ. ಸ್ಟೆಂಟ್ ಮತ್ತೆ ಮುಚ್ಚಿಕೊಂಡು ಬಂದ ರೋಗಿಗಳಲ್ಲಿ ನಾನು ಎಷ್ಟೋ ಸಲ ಕಂಡಿರುವ ಕಾರಣ ಕಂಪನಿಯಲ್ಲ, ಪೂರ್ತಿ ಅರಳದ ಸ್ಟೆಂಟ್. ಕೊರಿಯಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಲಿಷ್ಟ ಬ್ಲಾಕ್‌ಗಳಲ್ಲಿ ಒಳಗಿನಿಂದ ನೋಡಿ ಹಾಕಿದಾಗ ತೊಂದರೆಯ ಪ್ರಮಾಣ ಶೇ. 12.3ರ ಬದಲು 7.7 ಇತ್ತು. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕ್ಲಿಷ್ಟ ಬ್ಲಾಕ್‌ಗಳಿಗೆ ಇದನ್ನು ಬಲವಾಗಿ ಶಿಫಾರಸು ಮಾಡಿದೆ. ಹದಿನೈದು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಸುಣ್ಣ ಕಟ್ಟಿರುವ ಸಂಭವ ಹೆಚ್ಚು. ಹಾಗಿದ್ದರೆ ಅದನ್ನು ವಜ್ರದ ಪುಡಿ ಕೂರಿಸಿದ, ತಿರುಗುವ ತುದಿಯಿಂದ ಉಜ್ಜಿ ಅಥವಾ ಮೂತ್ರಪಿಂಡದ ಕಲ್ಲು ಒಡೆಯುವ ತತ್ವದಲ್ಲೇ ಕೆಲಸ ಮಾಡುವ ಶಬ್ದತರಂಗದ ಬಲೂನಿನಿಂದ ಬಿರುಕುಗೊಳಿಸಿ ಆಮೇಲೆ ಸ್ಟೆಂಟ್ ಹಾಕಬೇಕು. ನಾಳ ಚಿತ್ರದಲ್ಲಿ ಕಾಣಲೆಂದು ಹರಿಸುವ, ಮೂತ್ರಪಿಂಡಕ್ಕೆ ಹೊರೆಯಾಗುವ ಬಣ್ಣದ ಔಷಧಿ ಐವಸ್‌ಗೆ ಹೆಚ್ಚಿಗೆ ಬೇಕಿಲ್ಲ, ಒಸಿಟಿಗೆ ಬೇಕು. ಮೂತ್ರಪಿಂಡದ ಶಕ್ತಿ ಕಡಿಮೆಯಿದ್ದರೆ ಐವಸ್ ಮೇಲು. ಗುಳಿಗೆಯನ್ನು ಒಂದು ತಿಂಗಳಿಗೇ ಕಡಿತಗೊಳಿಸುವ ಯೋಚನೆಯಿರುವಾಗ ಸ್ಟೆಂಟ್ ಸರಿಯಾಗಿ ಕೂತಿದೆ ಎಂಬ ಖಾತ್ರಿ ಇನ್ನೂ ಮುಖ್ಯವಾಗುತ್ತದೆ.

ಬಲಗಡೆಯ ಶೇ. 60ರ ಬ್ಲಾಕನ್ನು ಕಣ್ಣಳತೆಯಿಂದ ತೀರ್ಮಾನಿಸಬಾರದು. ಒತ್ತಡ ಅಳೆಯುವ ತೆಳು ತಂತಿಯನ್ನು ಬ್ಲಾಕಿನ ಆಚೆ ಇಳಿಸಿ ಎಫ್‌ಎಫ್‌ಆರ್ ಎಂಬ ಅಂಕಿ ನೋಡುತ್ತಾರೆ. 0.80ಕ್ಕಿಂತ ಹೆಚ್ಚಿದ್ದರೆ ಅಲ್ಲಿಗೆ ಸ್ಟೆಂಟ್ ಬೇಡ, ಗುಳಿಗೆ ಸಾಕು. ಎರಡೂ ನಾಳಗಳು ನಿಜವಾಗಿ ತೊಂದರೆ ಕೊಡುತ್ತಿವೆ ಎಂದಾದರೆ ಬೈಪಾಸ್ ಮಾತನ್ನೂ ಬದಿಗಿಡಬೇಡಿ. 2012ರ ಫ್ರೀಡಂ ಅಧ್ಯಯನದಲ್ಲಿ ಹಲವು ನಾಳಗಳ ಬ್ಲಾಕ್ ಇದ್ದ ಮಧುಮೇಹಿಗಳಿಗೆ ಸ್ಟೆಂಟಿಗಿಂತ ಬೈಪಾಸ್‌ನಿಂದ ಸಾವು ಮತ್ತು ಹೃದಯಾಘಾತ ಕಡಿಮೆಯಾಗಿ, ಪಾರ್ಶ್ವವಾಯು ಸ್ವಲ್ಪ ಹೆಚ್ಚಾಗಿ ಕಂಡಿತು. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಮೂರೂ ನಾಳಗಳಲ್ಲಿ ಬ್ಲಾಕ್ ಇತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಶಸ್ತ್ರವೈದ್ಯರೊಡನೆ ಒಮ್ಮೆ ಮಾತಾಡಿ.

ಹರ್ನಿಯಾಕ್ಕೆ ಬರೋಣ. ಸ್ಟೆಂಟ್ ಹಾಕಿದ ಮೇಲೆ ತುರ್ತಲ್ಲದ ಯಾವ ಆಪರೇಷನ್ನನ್ನೂ ಸಾಧ್ಯವಾದರೆ ಆರು ತಿಂಗಳು, ಮುಂದೂಡುವುದು ಕಷ್ಟವಾದಾಗ ಕನಿಷ್ಠ ಮೂರು ತಿಂಗಳು ತಡೆಯುತ್ತೇವೆ. ಹಾಗೆಂದು ಹರ್ನಿಯಾ ಆಪರೇಷನ್ ಸುರಕ್ಷಿತವಾಗಲಿ ಎಂಬ ಒಂದೇ ಉದ್ದೇಶಕ್ಕೆ ಮೊದಲು ಸ್ಟೆಂಟ್ ಹಾಕಿಸುವುದೂ ಸರಿಯಲ್ಲ, ಸ್ಥಿರ ರೋಗಿಗಳಲ್ಲಿ ಅದರಿಂದ ಲಾಭವಿಲ್ಲ ಎಂಬುದು 2004ರಷ್ಟು ಹಿಂದೆಯೇ ಕಂಡುಬಂದಿದೆ. ಗುಳಿಗೆಯಿಂದ ಎದೆಬಿಗಿತ ಹತೋಟಿಗೆ ಬಂದು, ಹರ್ನಿಯಾ ಕಾಡುತ್ತಿದ್ದರೆ, ಅದನ್ನೇ ಮೊದಲು ಮುಗಿಸಿ ಆಮೇಲೆ ಸ್ಟೆಂಟಿನ ಯೋಚನೆ ಮಾಡಬಹುದು. ಅರಿವಳಿಕೆ ತಜ್ಞರಿಗೆ ಆಂಜಿಯೋಗ್ರಾಂ ವರದಿ ತೋರಿಸಿಯೇ ದಿನ ಗೊತ್ತುಮಾಡಿ.

ಇನ್ನು ಹತ್ತು ವರ್ಷದ ಆಯುಷ್ಯದ ಮಾತು. ಸ್ಟೆಂಟಿಗೆ ಅವಧಿ ಮುಗಿಯುವ ದಿನಾಂಕವಿಲ್ಲ. ಒಳಪದರ ಮುಚ್ಚಿದ ಮೇಲೆ ಅದು ನಾಳದ ಗೋಡೆಯ ಭಾಗವೇ ಆಗುತ್ತದೆ, ಕೆಮ್ಮಿದರೂ ಭಾರ ಎತ್ತಿದರೂ ಜಾರುವುದಿಲ್ಲ. ಹತ್ತು ವರ್ಷದ ನಂತರ ಮತ್ತೆ ಬ್ಲಾಕ್ ಆದರೆ ಅದು ಬಹುಪಾಲು ಸಕ್ಕರೆ ಮತ್ತು ಕೊಲೆಸ್ಟರಾಲ್ ಮುಂದುವರಿಸಿದ ಕೆಲಸ. ಸ್ಟಾಟಿನ್ ಗುಳಿಗೆಯಿಂದ ಕೆಟ್ಟ ಕೊಲೆಸ್ಟರಾಲನ್ನು (ವರದಿಯಲ್ಲಿ ಎಲ್‌ಡಿಎಲ್) 55ಕ್ಕಿಂತ ಕೆಳಗೆ ಇಡುವುದು ಈಗಿನ ಗುರಿ. ಎಂಆರ್‌ಐ ಸ್ಕ್ಯಾನ್ ಮಾಡಿಸಬಹುದು, ಸ್ಟೆಂಟ್ ಕಾರ್ಡ್ ತೋರಿಸಿದರೆ ಸಾಕು. ರಕ್ತನಾಳಕ್ಕೆ ಔಷಧಿ ಹರಿಸಿ ಬ್ಲಾಕ್ ಕರಗಿಸುತ್ತೇವೆ ಎನ್ನುವ ಕೀಲೇಷನ್ ಚಿಕಿತ್ಸೆಯನ್ನು ಹೃದಯಾಘಾತವಾಗಿದ್ದ ಮಧುಮೇಹಿಗಳಲ್ಲೇ ದೊಡ್ಡದಾಗಿ ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದರು. ಪ್ರಯೋಜನ ಕಾಣಲಿಲ್ಲ. ಹೃದಯಕ್ಕೆ ಒಳ್ಳೆಯದೆಂದು ಹೊಳೆಮತ್ತಿ (ಅರ್ಜುನ) ಚಕ್ಕೆಯ ಕಷಾಯವನ್ನು ತಂದೆಯವರು ಕುಡಿಯುತ್ತಿದ್ದರೆ ಮುಚ್ಚಿಡಬೇಡಿ, ವೈದ್ಯರಿಗೆ ತಿಳಿಸಿ. ಗುಳಿಗೆಯ ಬದಲಿಗೆ ಮಾತ್ರ ಅದು ಬೇಡ.

ಕೊನೆಯದಾಗಿ, ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಎದೆಬಿಗಿತ ಈಗಿರುವಂತೆಯೇ ಇರುವ ತನಕ. ಅದು ಕೂತಲ್ಲೇ ಬಂದರೆ, ರಾತ್ರಿ ಎಬ್ಬಿಸಿದರೆ, ಬೆವರಿನೊಡನೆ ಬಂದು ಹದಿನೈದು ನಿಮಿಷಕ್ಕೂ ಹೋಗದಿದ್ದರೆ ನೇರವಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡಬೇಡಿ. ಶಿರಸಿಯಿಂದ ಹುಬ್ಬಳ್ಳಿಯ ಕ್ಯಾಥ್ ಲ್ಯಾಬ್, ಎಂದರೆ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕುವ ಕೋಣೆ, ಸುಮಾರು ನೂರು ಕಿಲೋಮೀಟರ್. ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯಲು ಎರಡು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹತ್ತಿರದಲ್ಲೇ ಕೊಟ್ಟು ಆಮೇಲೆ ಕಳಿಸುವುದು ಕ್ರಮ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಆ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಎಂಟು ತಿಂಗಳ ಹಿಂದಿನ ರಕ್ತಸ್ರಾವ, ಈಗಿನ ಹಿಮೋಗ್ಲೋಬಿನ್ ಮತ್ತು ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತಂದೆಯವರ ಜೇಬಿನಲ್ಲಿ ಇಟ್ಟಿರಿ. ಅಲ್ಲಿಯ ವೈದ್ಯರು ಆ ಚುಚ್ಚುಮದ್ದು ಕೊಡಬೇಕೋ, ಕೊಡದೆ ಆಂಬುಲೆನ್ಸಿನಲ್ಲಿ ನೇರವಾಗಿ ಕ್ಯಾಥ್ ಲ್ಯಾಬಿಗೆ ಕಳಿಸಬೇಕೋ ಎಂದು ನಿರ್ಧರಿಸುವುದು ಆ ಚೀಟಿಯನ್ನು ನೋಡಿಯೇ.